ಒಂದೇ ಟ್ಯಾಂಕಿನ ಉಸಿರು

ಸಹನಾ ಅವನನ್ನು ಮೊದಲ ಸಲ ಕಂಡಾಗ ಅವನು ನೀರಿನಿಂದ ಎದ್ದು ಬರುತ್ತಿದ್ದ. ತೋಳಿನಲ್ಲಿ ಒಬ್ಬ ಸತ್ತವನಿದ್ದ.

ಚನ್ನರಾಯನದುರ್ಗದ ಬೆಟ್ಟದ ಹಿಂದೆ ಒಂದು ಹಳೇ ಕಲ್ಲುಕ್ವಾರಿ ಇದೆ. ಬಂಡೆ ಒಡೆಯುವುದು ನಿಂತು ಹತ್ತು ವರ್ಷವಾಗಿ, ಹೊಂಡದಲ್ಲಿ ಮಳೆನೀರು ತುಂಬಿ, ದನ ಕಾಯುವವರೂ ಆ ಕಡೆ ಸುಳಿಯುವುದನ್ನು ಬಿಟ್ಟಿದ್ದರು. ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಅದರ ಅಂಚಿನಲ್ಲಿ ಒಂದು ಬೈಕು, ಒಂದು ಜೊತೆ ಚಪ್ಪಲಿ ಸಿಕ್ಕವು. ಸಹನಾ ಆ ಭಾಗದ ಗ್ರಾಮ ಆಡಳಿತಾಧಿಕಾರಿ. ತಹಸೀಲ್ದಾರರಿಗೆ ವರದಿ ಕೊಡಬೇಕಾದ್ದರಿಂದ ಪೊಲೀಸರ ಪಕ್ಕ ಕೊಡೆ ಹಿಡಿದು ನಿಂತಿದ್ದಳು.

ಮಧುಗಿರಿಯ ಅಗ್ನಿಶಾಮಕ ಠಾಣೆಯಿಂದ ಬಂದವನ ಹೆಸರು ಭೀಮರಾಜು. ಬೆನ್ನಿಗೆ ಟ್ಯಾಂಕ್ ಕಟ್ಟಿಕೊಂಡು ನೀರಿಗಿಳಿಯುವವನು ಸುತ್ತಿನ ನಾಲ್ಕು ತಾಲ್ಲೂಕಿಗೆ ಅವನೊಬ್ಬನೇ. ನಲವತ್ತು ನಿಮಿಷ ಗುಳ್ಳೆಗಳಷ್ಟೇ ಕಂಡವು. ಆಮೇಲೆ ಅವನ ತಲೆ ಕಂಡಿತು.

"ಮೇಡಂ, ಆ ಕಡೆ ತಿರುಗ್ಕಳಿ," ಎಂದ ಅವನು, ಮಾಸ್ಕ್ ಹಣೆಗೆ ಏರಿಸಿ.

"ನಾನು ವರದಿ ಬರೀಬೇಕು. ನೋಡದೆ ಹೆಂಗೆ ಬರೀಲಿ?"

"ನೋಡಿದ್ರೆ ಮೂರು ದಿನ ಊಟ ಸೇರಲ್ಲ. ನಾನು ಹೇಳ್ತೀನಿ, ನೀವು ಬರ್ಕಳಿ."

ಸಹನಾ ತಿರುಗಲಿಲ್ಲ. ಆದರೆ ಅವಳು ನೋಡಿದ್ದು ಸತ್ತವನ ಮುಖವನ್ನಲ್ಲ. ಬಂಡೆಯ ಮೇಲೆ ಆ ತಲೆಯನ್ನು ಇಳಿಸಿದ ಕೈಗಳನ್ನು. ನಿದ್ದೆ ಹೋದವರನ್ನು ಎಚ್ಚರವಾಗದಂತೆ ಮಲಗಿಸುತ್ತಾರಲ್ಲ, ಅಷ್ಟು ಮೆಲ್ಲಗೆ ಇಳಿಸಿದ. ಆಮೇಲೆ ಸ್ವಲ್ಪ ದೂರ ಹೋಗಿ, ಎಲ್ಲರಿಗೂ ಬೆನ್ನು ಮಾಡಿ ಕೂತ.

ಮಾರನೇ ದಿನ ಹೇಳಿಕೆಗೆ ಸಹಿ ಹಾಕಲು ಅವನು ಅವಳ ಆಫೀಸಿಗೆ ಬಂದ. ಕಿವಿಗೆ ನೀರು ಹೊಕ್ಕು ಸರಿಯಾಗಿ ಕೇಳಿಸುತ್ತಿರಲಿಲ್ಲ. "ಇಲ್ಲಿ ಸಹಿ ಹಾಕಿ" ಎಂದಳು. "ಊಟ ಆಯ್ತಾ" ಅಂದಂತೆ ಕೇಳಿಸಿತೋ ಏನೋ, "ಇಲ್ಲ ಮೇಡಂ, ಇನ್ನೂ ಇಲ್ಲ" ಎಂದ. ಸಹನಾಗೆ ನಗು ತಡೆಯಲಾಗಲಿಲ್ಲ. ತನ್ನ ಡಬ್ಬಿಯ ಮುಚ್ಚಳಕ್ಕೆ ಅರ್ಧ ಚಿತ್ರಾನ್ನ ಹಾಕಿ ಅವನ ಮುಂದಿಟ್ಟಳು.

"ನಂಗೆ ನಿಜವಾಗ್ಲೂ ಊಟ ಸೇರ್ತಿಲ್ಲ," ಎಂದಳು ಜೋರಾಗಿ, ಅವನ ಕಿವಿಯ ಕಡೆ ಬಾಗಿ. "ನೀವು ಹೇಳಿದಂಗೇ ಆಯ್ತು."

ಅವನು ಅವಳನ್ನು ನೋಡಿ, ತಕ್ಷಣ ಚಿತ್ರಾನ್ನ ನೋಡಿದ. ಹಾಗೆ ಶುರುವಾಯಿತು.

ಭಾನುವಾರಗಳಂದು ಮಧುಗಿರಿ ಬೆಟ್ಟದ ಕೆಳಗಿನ ಮೆಟ್ಟಿಲುಗಳಲ್ಲಿ ಅವರು ಕೂರುತ್ತಿದ್ದರು. ಮೇಲೆ ಹತ್ತುವವರು ಹತ್ತುತ್ತಿದ್ದರು, ಇಳಿಯುವವರು ಮೊಣಕಾಲು ಹಿಡಿದು ಇಳಿಯುತ್ತಿದ್ದರು. ಇಬ್ಬರ ನಡುವೆ ಕಡಲೆಕಾಯಿಯ ಪೊಟ್ಟಣ ಇರುತ್ತಿತ್ತು.

"ಒಳಗೆ ಏನು ಕಾಣುತ್ತೆ?" ಎಂದು ಅವಳು ಒಮ್ಮೆ ಕೇಳಿದಳು.

"ಏನೂ ಇಲ್ಲ. ರಾಗಿ ಅಂಬಲಿ ಒಳಗೆ ಇಳ್ದಂಗೆ. ಕಣ್ಣು ಕೆಲಸಕ್ಕೆ ಬರಲ್ಲ ಮೇಡಂ, ಕೈಯಲ್ಲೇ ನೋಡ್ಬೇಕು."

ಅವಳು ಅವನ ಕೈ ನೋಡಿದಳು. ಅವನು ಅದನ್ನು ಬೆನ್ನ ಹಿಂದೆ ಸರಿಸಿದ.

"ಯಾಕೆ?"

"ಏನೇನೋ ಮುಟ್ಟಿರೋ ಕೈ."

"ತೋರ್ಸಿ."

ಅವನು ತೋರಿಸಲಿಲ್ಲ. ಅವಳೇ ಎಳೆದುಕೊಂಡು, ಅಂಗೈ ಬಿಡಿಸಿ, ಶಾಸ್ತ್ರ ಹೇಳುವವರಂತೆ ಹುಬ್ಬು ಗಂಟಿಕ್ಕಿದಳು. "ಇಲ್ಲಿ ಬರ್ದೈತೆ, ಈ ಮನುಷ್ಯ ಮೇಡಂ ಅನ್ನೋದು ಬಿಟ್ರೆ ಒಳ್ಳೇದಾಗ್ತದೆ ಅಂತ."

"ಅದು ಯಾವ ಗೆರೇಲಿ ಬರ್ದೈತೆ, ಮೇಡಂ?"

ಅವಳು ನಕ್ಕಳು. ಕೈ ಮಾತ್ರ ಬಿಡಲಿಲ್ಲ. ಅಂಗೈ ಒರಟಾಗಿತ್ತು, ಬೆಚ್ಚಗಿತ್ತು. ಅವನು ಆ ಕೈಯನ್ನು ತನ್ನದಲ್ಲವೇನೋ ಎಂಬಂತೆ ನೋಡುತ್ತಾ ಕೂತಿದ್ದ.

ಆವತ್ತೇ ಅವನು ಮಲ್ಪೆಯ ಮಾತು ತೆಗೆದದ್ದು. ಎರಡು ವರ್ಷದ ಹಿಂದೆ ಅವನು ಅಲ್ಲಿ ಸಮುದ್ರದಲ್ಲಿ ಇಳಿಯುವ ತರಬೇತಿ ಪಡೆದಿದ್ದ. "ದಡದಿಂದ ದೋಣೀಲಿ ಹೋದ್ರೆ ಕಂಬಗಲ್ಲಿನ ದ್ವೀಪ ಸಿಗ್ತದೆ. ಯಾವುದೋ ಕಾಲದಲ್ಲಿ ನೆಲದೊಳಗಿಂದ ಬೆಂಕಿ ಉಕ್ಕಿ, ತಣ್ಣಗಾಗ್ತಾ ಆಗ್ತಾ ಸೀಳಿಕೊಂಡು ಕಂಬ ಕಂಬ ಆಯ್ತಂತೆ. ಒಂದೊಂದು ಕಂಬಕ್ಕೂ ಐದು ಮೂಲೆ, ಆರು ಮೂಲೆ. ಅದೇ ಕಂಬಗಳು ನೀರೊಳಗೂ ಅವೆ. ನೀರು ಬೆಚ್ಚಗೆ. ಮೀನು ಮುಖದ ಹತ್ರಾನೇ ಬರ್ತವೆ."

"ಚೆನ್ನಾಗಿತ್ತಾ?"

ಅವನು ಕಡಲೆಕಾಯಿ ಸಿಪ್ಪೆಯನ್ನು ಎರಡು ಸಲ ಮುರಿದ. "ನಾನು ಸರಿಯಾಗಿ ನೋಡ್ಲಿಲ್ಲ. ಕಂಬದ ಸಂದಿ ಸಂದೀಲಿ ಕೈ ಹಾಕ್ಕೊಂಡು ಹೋದೆ. ಯಾರಾದ್ರೂ ಸಿಕ್ಕೊಂಡವ್ರೇನೋ ಅಂತ."

ಸಹನಾ ಪೊಟ್ಟಣವನ್ನು ಪಕ್ಕಕ್ಕಿಟ್ಟಳು.

"ಒಂದು ಸಲ ನನ್ನ ಕರ್ಕೊಂಡು ಹೋಗಿ," ಎಂದಳು. "ಯಾರನ್ನೂ ಹುಡುಕೋದಿಲ್ದೇ ಇರೋ ನೀರಿಗೆ."

ಅವನ ತಾಯಿ ಮಂಜಮ್ಮ ಆಂಧ್ರದ ಗಡಿಯ ನಾಗಲಮಡಿಕೆಯಲ್ಲಿದ್ದಳು. ದೀಪಾವಳಿಯ ಮುಂದೆ ಭೀಮರಾಜು ಸಹನಾಳನ್ನು ಅಲ್ಲಿಗೆ ಕರೆದುಕೊಂಡು ಹೋದ. ಮಂಜಮ್ಮ "ರಾ ತಲ್ಲೀ, ಬಾರಮ್ಮ" ಎಂದು ತೆಲುಗು ಬೆರೆಸಿ ಕರೆದು, ಚಾಪೆ ಹಾಸಿ, ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ ಸಂತೋಷಪಟ್ಟಳು. ಮಗ ಅಂಗಡಿಗೆ ಹೋದಾಗ ಮಾತ್ರ ಅವಳ ದನಿ ಬೇರೆಯಾಯಿತು.

"ನಮ್ಮ ಹುಡುಗ ಒಳ್ಳೇನು ಕಣಮ್ಮ. ಆದ್ರೆ ನೀರಿನ ಬಾಯಿಂದ ಎಷ್ಟು ಸಲ ಅದರ ತುತ್ತು ಕಿತ್ಕೊಂಡು ಬಂದವ್ನೆ. ನೀಳ್ಳು ಊರ್ಕೆ ಉಂಟಾಯಾ? ನೀರು ಸುಮ್ನೆ ಇರ್ತದಾ, ಹೇಳು?"

ಸಹನಾ ಬಾಗಿಲಾಚೆ, ಅವನು ಹೋದ ದಾರಿ ನೋಡಿದಳು.

ಅವಳ ತಂದೆ ದೊಡ್ಡಹನುಮಯ್ಯ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮಧುಗಿರಿಯಿಂದ ಏಳು ಕಿಲೋಮೀಟರಿನ ಹಳ್ಳಿಯಲ್ಲಿ ಅವರ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ. ಜಾತಕ, ಮುಹೂರ್ತ, ಬೆಕ್ಕು ಅಡ್ಡ ಬಂದದ್ದು, ಯಾವುದನ್ನೂ ಆ ಮನೆಯಲ್ಲಿ ಯಾರೂ ಎಣಿಸುತ್ತಿರಲಿಲ್ಲ. ಹಾಗಾಗಿ ತಂದೆ ಒಪ್ಪುತ್ತಾರೆಂದೇ ಅವಳು ತಿಳಿದಿದ್ದಳು.

"ಹೆಣ ಎತ್ತೋನು ಅಂತ ಊರೋರು ಅಂತಾರೆ. ಅದಕ್ಕೆ ನಾನು ಬೇಡ ಅಂತಿಲ್ಲ," ಎಂದರು ಅವರು. "ಶಕುನ ನಾನು ನಂಬಲ್ಲ. ಆದ್ರೆ ಗಣಿತ ನಂಬ್ತೀನಿ. ಹತ್ತು ಸಲ ಇಳ್ದೋನು ಹತ್ತು ಸಲಾನೂ ಮೇಲೆ ಬರಬೋದು. ಇಳೀತಾನೇ ಇರೋನು ಪ್ರತಿ ಸಲಾನೂ ಬರ್ತಾನೆ ಅಂತ ಯಾವ ಪುಸ್ತಕದಲ್ಲೂ ಇಲ್ಲ ಕಣಮ್ಮ."

ಅವರು ಗದರಿದ್ದರೆ ಅವಳು ಜಗಳವಾಡುತ್ತಿದ್ದಳು. ಅವರು ಗದರಲಿಲ್ಲ.

"ಜನವರೀಲಿ ನಾನು ಮಲ್ಪೆಗೆ ಹೋಗ್ತೀನಿ ಅಪ್ಪಾಜಿ," ಎಂದಳು ಕೊನೆಗೆ. "ನೀರಲ್ಲಿ ಇಳಿಯೋದು ಕಲೀತೀನಿ. ಅವ್ರೂ ಇರ್ತಾರೆ. ವನಜಾಕ್ಷಿ ಮನೇಲಿ ಉಳ್ಕೋತೀನಿ."

ದೊಡ್ಡಹನುಮಯ್ಯ ಎದ್ದು ಒಳಗೆ ಹೋದರು.

ವನಜಾಕ್ಷಿ ಕಾಲೇಜಿನ ಗೆಳತಿ, ಉಡುಪಿಯಲ್ಲಿ ಬ್ಯಾಂಕಿನಲ್ಲಿದ್ದಳು. ಸಹನಾ ಅವಳ ಮನೆಯಲ್ಲಿ, ಭೀಮರಾಜು ಬಂದರಿನ ಹತ್ತಿರದ ಲಾಡ್ಜಿನಲ್ಲಿ. ಅವನಿಗೆ ಹಿಂದೆ ಕಲಿಸಿದ್ದ ಪ್ರಸನ್ನ ಕುಮಾರ್ ಈಗ ಅವಳಿಗೂ ಕಲಿಸಿದರು. ಮೂರು ದಿನ ಈಜುಕೊಳದಲ್ಲಿ, ಆಮೇಲೆ ದಡದ ಹತ್ತಿರ. ಬಾಯಿಯಿಂದ ಗಾಳಿ ಕೊಡುವ ರೆಗ್ಯುಲೇಟರ್ ತೆಗೆದು ಮತ್ತೆ ಕಚ್ಚುವುದು, ಮಾಸ್ಕಿಗೆ ನೀರು ಹೊಕ್ಕರೆ ಊದಿ ಹೊರಹಾಕುವುದು, ಇನ್ನೊಬ್ಬರ ಗಾಳಿ ಮುಗಿದರೆ ತನ್ನ ಟ್ಯಾಂಕಿನದೇ ಎರಡನೇ ರೆಗ್ಯುಲೇಟರ್ ಕೊಡುವುದು.

"ಹೆದರಿಕೆ ಉಂಟಾ?" ಎಂದು ಪ್ರಸನ್ನ ಕೇಳಿದರು.

"ಉಂಟು," ಎಂದಳು ಅವಳು, ಅವರದೇ ಮಾತಿನಲ್ಲಿ.

"ಒಳ್ಳೇದು ಮಾರಾಯ್ರೆ. ಇವರಿಗೆ ಇಲ್ಲ ನೋಡಿ," ಎಂದು ಭೀಮರಾಜು ಕಡೆ ತೋರಿಸಿದರು. "ಅದೇ ನಂಗೆ ಹೆದರಿಕೆ."

ನಾಲ್ಕನೇ ದಿನ ಕಂಬಗಲ್ಲುಗಳಿಗೆ ಹೋದರು. ಪ್ರವಾಸಿಗರು ಇಳಿಯುವ ದ್ವೀಪ ದಾಟಿ ಇನ್ನೂ ಉತ್ತರಕ್ಕೆ, ಹೆಸರಿಲ್ಲದ ಒಂದು ಬಂಡೆಗುಂಪು. ದೋಣಿಯ ಅಂಚಿನಿಂದ ಹಿಂದಕ್ಕೆ ಬಿದ್ದಾಗ ಸಹನಾ ಕಣ್ಣು ಮುಚ್ಚಿದ್ದಳು. ತೆರೆದಾಗ ಎಲ್ಲವೂ ಹಸಿರು ಬೆಳಕಾಗಿತ್ತು.

ಬಿಸಿಲಿಗೆ ಇಟ್ಟ ಬಕೆಟ್ಟಿನ ನೀರಿನಷ್ಟು ಬೆಚ್ಚಗಿತ್ತು ಕಡಲು. ಹತ್ತು ಮೀಟರ್ ಕೆಳಗೆ ಆ ಕಂಬಗಳು. ಕಪ್ಪು, ನೇರ, ಒತ್ತೊತ್ತಾಗಿ, ಯಾರೋ ಗುಡಿ ಕಟ್ಟಲು ತಂದು ನಿಲ್ಲಿಸಿ ಅರ್ಧಕ್ಕೇ ಎದ್ದು ಹೋದ ಹಾಗೆ. ಕೆಲವು ಉರುಳಿ ಒಂದರ ಮೇಲೊಂದು ಬಿದ್ದಿದ್ದವು. ಸಂದಿಗಳಿಂದ ಹಳದಿ ಪಟ್ಟೆಯ ಮೀನುಗಳು ಹೊರಬಂದು ಅವಳನ್ನು ನೋಡಿ, ಆಸಕ್ತಿ ಕಳೆದುಕೊಂಡು ಹಿಂತಿರುಗುತ್ತಿದ್ದವು. ಅವಳ ಉಸಿರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಅವಳು ಭೀಮರಾಜುವನ್ನು ಹುಡುಕಿದಳು. ಅವನು ಕಂಬಗಳನ್ನು ನೋಡುತ್ತಿರಲಿಲ್ಲ, ಮೀನುಗಳನ್ನೂ ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ. ಮಾಸ್ಕಿನ ಗಾಜಿನ ಹಿಂದೆ ಆ ಕಣ್ಣುಗಳು ದೊಡ್ಡದಾಗಿ ಕಾಣುತ್ತಿದ್ದವು. ಬೆಟ್ಟದ ಮೆಟ್ಟಿಲ ಮೇಲೆ ಅರೆಕ್ಷಣಕ್ಕಿಂತ ಹೆಚ್ಚು ಅವಳ ಮೇಲೆ ನಿಲ್ಲದ ಕಣ್ಣು, ಇಲ್ಲಿ ಓಡಿಹೋಗಲು ಜಾಗವಿಲ್ಲದೆ ನಿಂತುಬಿಟ್ಟಿತ್ತು. ಅವಳು ಬೆರಳು ಮಡಚಿ ಓಕೆ ಎಂದು ತೋರಿಸಿದಳು. ಅವನೂ ತೋರಿಸಿದ. ಅವಳು ಮತ್ತೆ ತೋರಿಸಿದಳು, ಕೆಣಕಲೆಂದೇ. ಅವನು ನಕ್ಕಿರಬೇಕು, ಬಾಯಿಯ ಪಕ್ಕದಿಂದ ಗುಳ್ಳೆಗಳ ಒಂದು ಗೊಂಚಲು ಮೇಲಕ್ಕೆ ಹಾರಿತು.

ಅವತ್ತು ಸಂಜೆ ಅವನು ಮೀನೂಟ ಎರಡು ಸಲ ಹಾಕಿಸಿಕೊಂಡ. "ಇವತ್ತು ಯಾರನ್ನೂ ಹುಡುಕ್ಲಿಲ್ಲ," ಎಂದ ತಾನಾಗಿಯೇ, ಆಶ್ಚರ್ಯಪಟ್ಟವನಂತೆ.

ಆ ಮಾತು ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತೋ. ಇನ್ನೊಂದು ದಿನ ಉಳಿದಿತ್ತು. ಇನ್ನೊಂದು ಸಲ ಇಳಿಯೋಣ ಎಂದವಳು ಸಹನಾಳೇ.

ಮಾರನೇ ಬೆಳಿಗ್ಗೆ ಕಡಲಿನ ಬಣ್ಣ ಬೇರೆಯಾಗಿತ್ತು. ಅಲೆ ಎದ್ದಿರಲಿಲ್ಲ, ಆದರೆ ನೀರು ಕೆಳಗಿನಿಂದಲೇ ಉಬ್ಬಿ ಉಬ್ಬಿ ಇಳಿಯುತ್ತಿತ್ತು, ದೊಡ್ಡ ಪ್ರಾಣಿಯೊಂದು ಮಲಗಿ ಉಸಿರಾಡಿದಂತೆ. ಪ್ರಸನ್ನ ಆಕಾಶ ನೋಡಿ, ನೀರು ನೋಡಿ, "ಅರ್ಧ ಗಂಟೆ ಮಾತ್ರ. ಸಂದಿಯೊಳಗೆ ಯಾರೂ ಹೋಗ್ಬಾರ್ದು. ಒಳಗೆ ಎಳೀತದೆ," ಎಂದರು.

ಕೆಳಗೆ ನಿನ್ನೆಯ ಬೆಳಕಿರಲಿಲ್ಲ. ತಳದ ಮರಳು ಕದಡಿ, ಕಂಬಗಳು ನಾಲ್ಕು ಮಾರು ದೂರದಲ್ಲಿ ಮಾಯವಾಗುತ್ತಿದ್ದವು. ಪ್ರಸನ್ನ ಮುಂದೆ, ಸಹನಾ ನಡುವೆ, ಭೀಮರಾಜು ಹಿಂದೆ. ನೀರು ಅವರನ್ನು ಒಂದು ಮಾರು ಮುಂದಕ್ಕೆ ಒಯ್ಯುತ್ತಿತ್ತು, ಒಂದು ಮಾರು ಹಿಂದಕ್ಕೆ ತರುತ್ತಿತ್ತು. ಮೀನುಗಳು ಒಂದೂ ಕಾಣಲಿಲ್ಲ. ಎಲ್ಲಿ ಹೋದವು ಎಂದು ಯೋಚಿಸುತ್ತಾ ಸಹನಾ ಹಿಂತಿರುಗಿ ನೋಡಿದಳು.

ಭೀಮರಾಜು ಇರಲಿಲ್ಲ.

ಅವಳು ಕಂಬಗಳ ನಡುವೆ ಕಣ್ಣಾಡಿಸಿದಳು. ಆಮೇಲೆ, ಉರುಳಿದ ಎರಡು ಕಂಬಗಳ ನಡುವಿನ ಸೀಳಿನಲ್ಲಿ, ಅವನ ಕಾಲಿನ ಫಿನ್ಸ್ ಕಂಡವು. ಅವನು ಒಳಗೆ ಹೋಗಿದ್ದ. ಅವನಿಗಿಂತ ಆಚೆ, ಕತ್ತಲಲ್ಲಿ, ಬಿಳಿಯದೇನೋ ಒಂದು ಶರ್ಟಿನ ತೋಳಿನ ಹಾಗೆ ಮೆಲ್ಲಗೆ ಕೈ ಬೀಸುತ್ತಿತ್ತು.

ಅವಳು ತನ್ನ ಟ್ಯಾಂಕಿಗೆ ಕಲ್ಲಿನಿಂದ ಬಡಿದಳು, ಪ್ರಸನ್ನರಿಗೆ ಕೇಳಲೆಂದು. ಆ ಹೊತ್ತಿಗೇ ನೀರು ಒಂದು ಸಲ ಜೋರಾಗಿ ಒಳಗೆ ಎಳೆಯಿತು. ಭೀಮರಾಜು ಇನ್ನೊಂದು ಮಾರು ಒಳಗೆ ಜಾರಿದ. ಹಿಂದೆ ಬರಲು ಕಾಲು ಬಡಿದ. ಬರಲಿಲ್ಲ. ಯಾವ ಮೀನುಗಾರರದೋ ಹರಿದ ಬಲೆಯೊಂದು ಆ ಸೀಳಿನಲ್ಲಿ ಸಿಕ್ಕಿಕೊಂಡಿತ್ತು. ಅದು ಅವನ ಟ್ಯಾಂಕಿನ ಕುತ್ತಿಗೆಗೆ ಸುತ್ತಿಕೊಂಡಿತ್ತು. ಅವನು ಒದ್ದಾಡಿದಷ್ಟೂ ಬಿಗಿಯಿತು.

ಸಹನಾ ಸೀಳಿನ ಬಾಯಿಗೆ ಬಂದು, ಕಂಬವೊಂದರ ಮೂಲೆಯನ್ನು ತೋಳಿನಿಂದ ತಬ್ಬಿ, ಇನ್ನೊಂದು ಕೈ ಚಾಚಿದಳು. ಅವನ ಬೆರಳು ಸಿಕ್ಕವು. ಅವನು ಹಿಡಿಯಲಿಲ್ಲ. ಹೆಬ್ಬೆಟ್ಟು ಮೇಲೆತ್ತಿ ತೋರಿಸಿದ. ಮೇಲೆ ಹೋಗು. ಅವಳು ತಲೆಯಾಡಿಸಿದಳು. ಅವನು ಮತ್ತೆ ತೋರಿಸಿದ, ಸಿಟ್ಟಿನಿಂದ. ಅವಳು ಆ ಹೆಬ್ಬೆಟ್ಟನ್ನೇ ಹಿಡಿದು ಮಡಚಿ, ಇಡೀ ಮುಷ್ಟಿಯನ್ನು ತನ್ನ ಕೈಯೊಳಗೆ ಹಿಡಿದಳು.

ಅವನ ಎದೆಯ ಪಕ್ಕದ, ಗಾಳಿ ಎಷ್ಟು ಉಳಿದಿದೆಯೆಂದು ತೋರಿಸುವ ಗೇಜ್ ಅವಳಿಗೆ ಕಾಣುತ್ತಿತ್ತು. ಮುಳ್ಳು ಕೆಂಪಿಗೆ ಬಂದಿತ್ತು.

ಅಷ್ಟರಲ್ಲಿ ಪ್ರಸನ್ನ ಬಂದರು. ಚಾಕು ತೆಗೆದು ಬಲೆಯನ್ನು ಒಂದೊಂದೇ ಎಳೆ ಕುಯ್ಯತೊಡಗಿದರು. ನೀರು ಒಳಗೆ ಎಳೆದಾಗಲೆಲ್ಲ ಮೂವರ ಭುಜವೂ ಕಲ್ಲಿಗೆ ಉಜ್ಜುತ್ತಿತ್ತು. ಕೊನೆಯ ಎಳೆ ಹರಿಯುವ ಮೊದಲೇ ಭೀಮರಾಜು ಕಣ್ಣರಳಿಸಿ, ಅಂಗೈಯನ್ನು ಗಂಟಲಿನ ಮುಂದೆ ಅಡ್ಡ ಆಡಿಸಿದ. ಗಾಳಿ ಇಲ್ಲ.

ಈಜುಕೊಳದಲ್ಲಿ ಇಪ್ಪತ್ತು ಸಲ ಮಾಡಿದ್ದ ಕೆಲಸ. ತನ್ನ ಎದೆಯ ಮೇಲಿದ್ದ ಹಳದಿ ರೆಗ್ಯುಲೇಟರ್ ಕಿತ್ತು ಅವನ ಬಾಯಿಗೆ ಕೊಟ್ಟಳು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಗುಳ್ಳೆ ಬಂದವು.

ಬಲೆ ಬಿಟ್ಟಿತು. ಮೇಲೇರುವಾಗ ಮೈ ಒತ್ತಡದ ಇಳಿತಕ್ಕೆ ಹೊಂದಲೆಂದು ಐದು ಮೀಟರಿನ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕು, ಅದು ನಿಯಮ. ಇಬ್ಬರೂ ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಹಿಡಿದು, ಮುಖಕ್ಕೆ ಮುಖ ಕೊಟ್ಟು ತೇಲಿದರು. ಅವಳ ಬೆನ್ನಿನ ಒಂದೇ ಟ್ಯಾಂಕಿನಿಂದ ಇಬ್ಬರೂ ಉಸಿರಾಡುತ್ತಿದ್ದರು. ಅವಳು ಎಳೆದುಕೊಂಡಾಗ ಅವನು ಬಿಡುತ್ತಿದ್ದ. ಅವನ ಮಾಸ್ಕಿನೊಳಗೆ ನೀರಿತ್ತು. ಅದು ಕಡಲಿನದೋ ಕಣ್ಣಿನದೋ ಅವಳಿಗೆ ತಿಳಿಯಲಿಲ್ಲ. ಮೂರು ನಿಮಿಷ ಅಷ್ಟು ಉದ್ದವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಕೆಳಗೆ ಕಪ್ಪು ಕಂಬಗಳು ಮರಳಿನ ಮೋಡದೊಳಗೆ ಮುಳುಗುತ್ತಾ ಹೋದವು.

ದೋಣಿ ದಡದ ಕಡೆ ಅರ್ಧ ದಾರಿ ಬಂದಿತ್ತು.

"ಶರ್ಟ್ ಕಂಡಂಗಾಯ್ತು," ಎಂದ ಭೀಮರಾಜು ಕೊನೆಗೆ. "ಯಾರೋ ಅವ್ರೆ ಅನ್ನಿಸ್ತು."

"ಗೊಬ್ಬರದ ಚೀಲ ಅದು," ಎಂದರು ಪ್ರಸನ್ನ, ಮುಖ ತಿರುಗಿಸಿ. "ಹರಿದ ಗೊಬ್ಬರದ ಚೀಲ."

ಭೀಮರಾಜು ತನ್ನ ಕೈಗಳನ್ನು ನೋಡಿಕೊಂಡ. "ಸಹನಾ," ಎಂದ. ಮೇಡಂ ಬಿಟ್ಟು ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಎಷ್ಟು ತಿಂಗಳಿಂದ ಕಾದಿದ್ದಳೋ ಆ ಕರೆಗೆ. ಈಗ ಅವಳು ಅವನತ್ತ ನೋಡಲಿಲ್ಲ. ದಡವನ್ನೇ ನೋಡುತ್ತಿದ್ದಳು. ಅಪ್ಪಾಜಿಯ ಲೆಕ್ಕ ಸರಿ ಎಂದು ಅವಳಿಗೆ ಈಗ ಗೊತ್ತಾಗಿತ್ತು. ಅದನ್ನು ಕಣ್ಣಾರೆ ಕಂಡಿದ್ದಳು.

ತುಮಕೂರಿನವರೆಗೂ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಇಳಿದು, ಮಧುಗಿರಿ ಬಸ್ಸಿಗೆ ಕಾಯುವಾಗ ಬಾಯಿ ಬಿಟ್ಟಳು.

"ನಂಗೆ ನೀನು ಬೇಕು ರಾಜು. ನಿನ್ನ ಹುಡುಕೋಕೆ ಇನ್ನೊಬ್ಬ ಇಳಿಯೋದು ಬೇಡ. ಅಷ್ಟೇ ನಾನು ಕೇಳೋದು."

ಅವನು ಚೀಲ ಕೆಳಗಿಟ್ಟ. "ಕೆಲಸ ಬುಟ್ಬುಡು ಅನ್ನು, ಬಿಡ್ತೀನಿ."

"ಅದು ನಾನು ಹೇಳಲ್ಲ."

"ಹಂಗಾದ್ರೆ ಇನ್ಮೇಲೆ ಒಬ್ನೇ ಇಳಿಯಲ್ಲ. ಇನ್ನೊಬ್ಬ ಡೈವರ್ ಕೊಡೋವರೆಗೂ ಇಳಿಯಲ್ಲ ಅಂತ ಬರ್ದು ಕೊಡ್ತೀನಿ."

ಅವನು ಬರೆದು ಕೊಟ್ಟ. ಫೆಬ್ರವರಿ ಕಳೆಯಿತು. ಎಲ್ಲಿಂದಲೂ ಕರೆ ಬರಲಿಲ್ಲ. ಸಹನಾಗೆ ಆ ಸುಮ್ಮನಿರುವಿಕೆಯೇ ಹೆದರಿಕೆ ಹುಟ್ಟಿಸುತ್ತಿತ್ತು. ಅವನ ಫೋನು ರಿಂಗಾದಾಗಲೆಲ್ಲ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು.

ಮಾರ್ಚ್ ತಿಂಗಳ ಎರಡನೇ ಭಾನುವಾರ ಕರೆ ಬಂತು. ಬಂದದ್ದು ಅವಳ ಊರಿನಿಂದಲೇ.

ಸಹನಾಳ ಮನೆಯಿಂದ ನಾಲ್ಕು ಹೊಲದಾಚೆ ರಂಗೇಶನ ಹಳೇ ತೆರೆದ ಬಾವಿ. ಮೋಟರು ನೀರು ಎತ್ತುತ್ತಿಲ್ಲವೆಂದು ಅವನೇ ಇಳಿದಿದ್ದ. ಕಲ್ಲುಕಟ್ಟಡದ ಒಂದು ಪಕ್ಕ ಕುಸಿದು, ಕಲ್ಲಿನ ಜೊತೆ ಅವನೂ ನೀರಿಗೆ ಬಿದ್ದಿದ್ದ. ಮಧ್ಯಾಹ್ನ ಎರಡು ಗಂಟೆಗೆ. ಸಹನಾ ಮತ್ತು ದೊಡ್ಡಹನುಮಯ್ಯ ಹೋಗುವಷ್ಟರಲ್ಲಿ ಅರ್ಧ ಊರು ಬಾವಿಯ ಸುತ್ತ ನಿಂತಿತ್ತು. ಅವನು ಬದುಕಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಇನ್ನೊಂದು ಕರೆಗೆ ಹೋಗಿದ್ದ ಅಗ್ನಿಶಾಮಕದ ವಾಹನ ನಾಲ್ಕಕ್ಕೆ ಬಂತು. ಠಾಣಾಧಿಕಾರಿ ದೇವರಾಜು ಬಾವಿ ಇಣುಕಿ ನೋಡಿದರು. "ಉಳಿದ ಕಲ್ಲೂ ಸಡ್ಲ ಐತೆ. ಎರಡನೇ ಡೈವರ್ ಬೇರೆ ಜಿಲ್ಲೆಯಿಂದ ಬೆಳಿಗ್ಗೆ ಬರ್ತಾನೆ. ಅಲ್ಲಿವರ್ಗೂ ಕಾಯ್ಬೇಕು."

ಭೀಮರಾಜು ಟ್ಯಾಂಕಿನ ಪಕ್ಕ ನಿಂತಿದ್ದ. ಅದನ್ನು ಮುಟ್ಟಿರಲಿಲ್ಲ. ಜನ ಅವನನ್ನೇ ನೋಡುತ್ತಿದ್ದರು. ಅವನು ನೆಲ ನೋಡುತ್ತಿದ್ದ.

ರಂಗೇಶನ ಹೆಂಡತಿ ಬಿಂದುಶ್ರೀ ಅಳುತ್ತಿರಲಿಲ್ಲ. ಅವಳು ಎದ್ದು ಬಂದು ದೇವರಾಜು ಅವರ ಮುಂದೆ ನಿಂತಳು. "ಸಾರ್, ಅವರನ್ನ ರಾತ್ರಿಯೆಲ್ಲ ಅಲ್ಲಿ ಬುಟ್ಬುಡಬೇಡಿ," ಎಂದಳು, ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ಸಾದಾ ದನಿಯಲ್ಲಿ. "ಅವರಿಗೆ ಕತ್ತಲೆ ಅಂದ್ರೆ ಆಗಲ್ಲ. ಲೈಟ್ ಹಾಕ್ಕೊಂಡೇ ಮಲಗೋದು."

ಸಹನಾ ಕಣ್ಣು ಮುಚ್ಚಿದಳು. ಗಾಳಿ ಇಲ್ಲವೆಂದು ಗಂಟಲಿಗೆ ಅಡ್ಡ ಹಿಡಿದ ಆ ಕೈ ಕಂಡಿತು. ತೆರೆದಳು. ಜನರ ನಡುವಿನಿಂದ ನಡೆದು ಭೀಮರಾಜುವಿನ ಮುಂದೆ ನಿಂತಳು.

"ಇಳಿ," ಎಂದಳು.

"ನಿಂಗೆ ಮಾತು ಕೊಟ್ಟಿದೀನಿ."

"ಒಬ್ನೇ ಇಳಿಯಲ್ಲ ಅಂತ ಕೊಟ್ಟಿದ್ದು. ಹಗ್ಗ ಕಟ್ಕೋ. ಈ ತುದಿ ನಾನು ಹಿಡೀತೀನಿ."

ಹಗ್ಗ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆಂದು ಅವನು ಎಂದೂ ಕಟ್ಟಿಕೊಂಡು ಇಳಿದವನಲ್ಲ. ಅವಳ ಮುಖ ನೋಡಿದ. ಆಮೇಲೆ ಸೊಂಟಕ್ಕೆ ಬಿಗಿದ.

"ಎಳೆಯೋದಕ್ಕೆ ಇವರೆಲ್ಲ ಅವ್ರೆ," ಎಂದ ಮೆಲ್ಲಗೆ, ಗಂಟು ನೋಡುತ್ತಾ. "ಯಾವಾಗ ಅನ್ನೋದು ನೀನು ಹೇಳ್ಬೇಕು. ಇಲ್ಲಿ ನೀರೊಳಗೆ ಇಳ್ದು ಬಂದಿರೋಳು ನೀನೊಬ್ಳೇ. ನಾನು ನಿಮಿಷಕ್ಕೊಂದು ಸಲ ಜಗ್ತೀನಿ. ಎರಡು ನಿಮಿಷ ಜಗ್ಲಿಲ್ಲ ಅಂದ್ರೆ ಯಾರ ಮಾತೂ ಕೇಳ್ಬೇಡ."

ದೇವರಾಜು ಏನೋ ಹೇಳಲು ಬಂದು, ಬಿಂದುಶ್ರೀಯ ಕಡೆ ನೋಡಿ, ಹೂಂ ಎಂದರು.

ಅವನು ಕಪ್ಪು ನೀರಿನೊಳಗೆ ಹೋದ. ಹಗ್ಗ ಸಹನಾಳ ಅಂಗೈಯೊಳಗೆ ಜಾರುತ್ತಾ ಇಳಿಯಿತು, ನಿಂತಿತು. ಒಂದು ಜಗ್ಗು. ಮತ್ತೊಂದು. ಮೂರನೆಯದು. ಅವಳು ಮೊಬೈಲಿನ ಗಡಿಯಾರ ನೋಡಲಿಲ್ಲ, ತನ್ನ ಉಸಿರನ್ನೇ ಎಣಿಸುತ್ತಿದ್ದಳು. ಬಾವಿಯ ಗೋಡೆಯಿಂದ ಒಂದು ಕಲ್ಲು ಕಳಚಿ ನೀರಿಗೆ ಬಿತ್ತು. ಗುಂಪೆಲ್ಲ ಒಂದು ಹೆಜ್ಜೆ ಹಿಂದೆ ಸರಿಯಿತು.

ನಾಲ್ಕನೆಯ ಜಗ್ಗು ಬರಲಿಲ್ಲ.

ಅವಳು ಎಣಿಸಿದಳು. ಗುಳ್ಳೆ ಬರುತ್ತಿದ್ದವು, ಒಂದೇ ಕಡೆ, ಬಿಟ್ಟು ಬಿಟ್ಟು.

"ಎಳೀರಿ," ಎಂದಳು.

"ತಡೀಮ್ಮ, ಬಾಡಿ ಬಿಡಿಸ್ತಾ ಇರ್ತಾನೆ," ಎಂದರು ದೇವರಾಜು. "ಈಗ ಎಳೆದ್ರೆ ಅವನ ಕೆಲಸ ಕೆಡ್ತದೆ."

"ಎಳೀರಿ ಅಂದೆ."

ಯಾರೂ ಅಲುಗಲಿಲ್ಲ. ಅವಳೇ ಕಾಲು ಊರಿ ಎಳೆದಳು. ಹಗ್ಗ ಬಂಡೆಗೆ ಕಟ್ಟಿದಂತೆ ನಿಂತಿತ್ತು. ಆಗ ಅವಳ ಹಿಂದಿನಿಂದ ಎರಡು ಕೈ ಬಂದು ಹಗ್ಗ ಹಿಡಿದವು. ತಿರುಗಿ ನೋಡದೆಯೇ ಯಾರದೆಂದು ತಿಳಿಯಿತು.

"ಬನ್ರೋ," ಎಂದರು ದೊಡ್ಡಹನುಮಯ್ಯ, ತರಗತಿಯ ಹಿಂದಿನ ಬೆಂಚಿಗೂ ಕೇಳಿಸುತ್ತಿದ್ದ ಅದೇ ಗಂಟಲಿನಲ್ಲಿ. "ಅವಳು ಹೇಳಿದ್ದು ಕೇಳ್ಲಿಲ್ವಾ?"

ಅಲ್ಲಿದ್ದ ಗಂಡಸರಲ್ಲಿ ಅರ್ಧ ಜನ ಅವರ ಹತ್ತಿರ ಓದಿದವರೇ. ಹತ್ತು ಕೈ ಸೇರಿದವು. ಹಗ್ಗ ಒಂದು ಸಲ ನಡುಗಿ, ತಟ್ಟನೆ ಸಡಿಲಾಗಿ, ಮೇಲೆ ಬರತೊಡಗಿತು. ಭೀಮರಾಜುವಿನ ತಲೆ ಕಂಡಿತು. ಒಂದು ಭುಜದಿಂದ ರಕ್ತ ಇಳಿಯುತ್ತಿತ್ತು. ಇನ್ನೊಂದು ತೋಳಿನಲ್ಲಿ ರಂಗೇಶನಿದ್ದ. ಅವನನ್ನು ಬಿಟ್ಟಿರಲಿಲ್ಲ.

ಬಿದ್ದ ಕಲ್ಲು ಅವನ ಭುಜಕ್ಕೆ ಬಡಿದು, ಅವನನ್ನೂ ಹಗ್ಗವನ್ನೂ ಗೋಡೆಗೆ ಒತ್ತಿತ್ತು. ಜಗ್ಗಲು ಕೈ ಬರಲಿಲ್ಲ. ಇನ್ನೆರಡು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತೆಂದು ಯಾರೂ ಕೇಳಲಿಲ್ಲ.

ಆಂಬುಲೆನ್ಸ್ ಹೋಯಿತು, ಪೊಲೀಸರು ಹೋದರು. ಗಾಯಕ್ಕೆ ಬಟ್ಟೆ ಕಟ್ಟಿಸಿಕೊಂಡು ಭೀಮರಾಜು ಹೊಲದ ಬದುವಿನ ಮೇಲೆ ಕೂತಿದ್ದ. ಬಿಸಿಲು ಇಳಿಯುತ್ತಿತ್ತು. ಸಹನಾ ಬಂದು ಪಕ್ಕದಲ್ಲಿ ಕೂತಳು. ಅವಳ ಅಂಗೈಗಳು ಸುಲಿದಿದ್ದವು.

"ಕೆಳಗೆ ಹೆದರಿಕೆ ಆಯ್ತು," ಎಂದ ಅವನು. "ಮೊದಲನೇ ಸಲ. ಇಷ್ಟು ವರ್ಷ ಇಳ್ದಿದೀನಿ, ಒಂದು ದಿನಾನೂ ಆಗಿರ್ಲಿಲ್ಲ. ಮಲ್ಪೇಲೂ ಆಗ್ಲಿಲ್ಲ. ನೀನು ಮೇಲೆ ಹೋಗ್ಲಿಲ್ವಲ್ಲ ಅಂತ ಸಿಟ್ಟು ಬಂದಿತ್ತು ಅಷ್ಟೇ. ಇವತ್ತು ಕಲ್ಲು ಒತ್ತಿದಾಗ, ಮೇಲೆ ಹೋಗ್ಬೇಕು ಅನ್ನಿಸ್ತು. ತುಂಬಾ ಅನ್ನಿಸ್ತು. ಅದಕ್ಕೇ ಹೆದರಿಕೆ ಆಯ್ತು."

"ಆಗ್ಲಿ."

"ನನ್ನ ಕೆಡಿಸಿಬಿಟ್ಟೆ ನೀನು."

"ಹೂಂ," ಎಂದಳು. "ಕೆಡಿಸ್ದೆ."

ಅವಳು ಅವನ ಕೈಯೊಳಗೆ ತನ್ನ ಸುಲಿದ ಕೈ ಇಟ್ಟಳು. ಈ ಸಲ ಅವನು ಸರಿಸಲಿಲ್ಲ. ನೋವಾಗುತ್ತದೆಂದು ಮುಷ್ಟಿ ಕಟ್ಟದೆ, ಹಕ್ಕಿ ಕೂತಂತೆ ಸುಮ್ಮನೆ ಇರಗೊಟ್ಟ.

ದೊಡ್ಡಹನುಮಯ್ಯ ಮನೆಯ ಕಡೆಯಿಂದ ಬದುವಿನ ಮೇಲೆ ನಡೆದು ಬಂದರು. ಇಬ್ಬರೂ ಎದ್ದು ನಿಂತರು. ಕೈ ಬಿಡಬೇಕೋ ಬೇಡವೋ ತಿಳಿಯಲಿಲ್ಲ. ಅವರು ಆ ಕೈಗಳನ್ನು ನೋಡಿದರು, ಅವನ ಭುಜದ ಬಟ್ಟೆ ನೋಡಿದರು.

"ನನ್ನ ಲೆಕ್ಕ ತಪ್ಪು ಅಂತ ನಾನು ಹೇಳಲ್ಲಪ್ಪ," ಎಂದರು ಅವನಿಗೆ. "ಇವತ್ತೂ ಹೇಳಲ್ಲ."

"ಇಲ್ಲ ಸಾರ್. ತಪ್ಪಿಲ್ಲ."

ಅವರು ಮಗಳ ಕಡೆ ತಿರುಗಿದರು. "ಸಹನಾ, ಅವರನ್ನ ಕರ್ಕೊಂಡು ಬಾ. ನೀರು ಕಾಯಿಸಿಟ್ಟಿದೀನಿ, ಮೈ ತೊಳ್ಕೊಳ್ಳಲಿ. ಊಟಾನೂ ಮಾಡ್ಲಿ. ನಾಗಲಮಡಿಕೆಗೆ ಫೋನ್ ಮಾಡ್ಸು, ಅವರ ತಾಯಿ ಹತ್ರ ನಾನು ಮಾತಾಡ್ಬೇಕು."

ಅಷ್ಟು ಹೇಳಿ ತಿರುಗಿ ನಡೆದರು. ಅವರ ಬೆನ್ನು ಬದುವಿನ ತುದಿ ದಾಟುವವರೆಗೂ ಇಬ್ಬರೂ ಅಲುಗಲಿಲ್ಲ.

ಆಗ ಊರಿನೊಳಗಿಂದ ಬಿಂದುಶ್ರೀಯ ಅಳು ಕೇಳಿಸಿತು. ಮಧ್ಯಾಹ್ನದಿಂದ ತಡೆದದ್ದೆಲ್ಲ ಒಂದೇ ಸಲ ಒಡೆದಿತ್ತು. ಭೀಮರಾಜುವಿನ ಮುಖ ಆ ಕಡೆ ತಿರುಗಿತು. ಸಹನಾ ಅವಸರ ಮಾಡಲಿಲ್ಲ. ಅದು ನಿಲ್ಲಲೆಂದು ಇಬ್ಬರೂ ಕಾದರು. ಅದು ನಿಲ್ಲಲಿಲ್ಲ.

ಅವಳು ಅವನ ಕೈ ಹಿಡಿದುಕೊಂಡೇ ಮನೆಯ ಕಡೆ ಮೊದಲ ಹೆಜ್ಜೆ ಇಟ್ಟಳು. ಅವನು ಜೊತೆಗೆ ನಡೆದ.